ಗೋತ್ರ ಬೇರೆಯಾದ ಮಾತ್ರಕ್ಕೆ ರಕ್ತ ಬೇರೆಯಾಗದು

ಸಂಪಾದಕರಿಗೆ,

ಮಾನ್ಯರೇ,

ಸಗೋತ್ರ ವಿವಾಹವನ್ನು ಕುರಿತು ನಿಮ್ಮ ಓದುಗರ ಅಂಕಣದಲ್ಲಿ ಈಚೆಗೆ ಬಂದ ಪತ್ರಗಳಲ್ಲಿ ಒಂದು ವಾದ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಗೋತ್ರವೆಂದರೆ ವೈ ವರ್ಣತಂತುವಿನ (ವೈ ಕ್ರೋಮೋಸೋಮಿನ) ಲೆಕ್ಕ. ನಮ್ಮ ಹಿರಿಯರು ಸೂಕ್ಷ್ಮದರ್ಶಕವಿಲ್ಲದೆಯೇ ಅದನ್ನು ಕಂಡುಕೊಂಡಿದ್ದರು. ಆದ್ದರಿಂದ ಗಂಡು ಹೆಣ್ಣಿನ ಗೋತ್ರ ಬೇರೆಯಾಗಿದ್ದರೆ ಹುಟ್ಟುವ ಮಕ್ಕಳಿಗೆ ಆನುವಂಶಿಕ ದೋಷದ ಭಯವಿಲ್ಲ ಎಂಬುದು ಅದರ ತಿರುಳು. ಇದೇ ಒಕ್ಕಣೆ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿದೆ, ಈಗ ಮದುವೆ ಮನೆಯ ಭಾಷಣಗಳಿಗೂ ಇಳಿದಿದೆ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನಗೆ ಗೋತ್ರದ ಬಗ್ಗೆ ತಕರಾರೇನೂ ಇಲ್ಲ. ಸಂಕಲ್ಪದಲ್ಲಿ ಹೇಳಿಕೊಳ್ಳುವವರು ಹೇಳಿಕೊಳ್ಳಲಿ. ನನ್ನ ತಕರಾರಿರುವುದು ಕೊನೆಯಲ್ಲಿ ಬರುವ ಆ ‘ಆದ್ದರಿಂದ’ದ ಬಗ್ಗೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಮನೆಗಳಲ್ಲಿ ಯಾರಾದರೂ ವೈದ್ಯರ ಮಾತನ್ನು ನೆನಪಿಸಿದರೆ, ‘ಗೋತ್ರ ಬೇರೆಯಲ್ಲವೇ, ಇನ್ನೇನು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರಕ್ಕೆ ವಿಜ್ಞಾನದ ಮುದ್ರೆ ಒತ್ತಿಕೊಡುವುದು ಅಪಾಯಕಾರಿ ಎಂದು ಹೇಳಲು ಈ ಪತ್ರ.

ವಾದದಲ್ಲಿರುವ ನಿಜವನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ದೇಹದ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ, ಅಂದರೆ 23 ಜೋಡಿ. 22 ಜೋಡಿಗಳು ಗಂಡಿನಲ್ಲೂ ಹೆಣ್ಣಿನಲ್ಲೂ ಒಂದೇ ಬಗೆಯವು. 23ನೆಯ ಜೋಡಿಯಲ್ಲಿ ಮಾತ್ರ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಈ ವೈ ತನ್ನ ಎರಡು ತುದಿಗಳ ಚಿಕ್ಕ ಭಾಗಗಳನ್ನು ಬಿಟ್ಟರೆ ಎಕ್ಸ್‌ನೊಂದಿಗೆ ಬೆರೆಯದೆ, ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಸಾಗುತ್ತದೆ. ಹಳೆಯ ವಲಸೆಗಳ ಜಾಡು ಹಿಡಿಯುವ ವಿಜ್ಞಾನಿಗಳಿಗೆ ಅದು ಬಹಳ ಉಪಯುಕ್ತ. ಗೋತ್ರವೂ ತಂದೆಯಿಂದ ಮಗನಿಗೆ ಸಾಗುತ್ತದೆ. ಹೋಲಿಕೆ ಇರುವುದು ಇಷ್ಟರಲ್ಲೇ, ಅದೂ ಪೂರ್ತಿಯಾಗಿ ಅಲ್ಲ. ದತ್ತುಮಗ ದತ್ತು ತಂದೆಯ ಗೋತ್ರಕ್ಕೆ ಸೇರುತ್ತಾನೆ, ಅವನ ವೈ ಮಾತ್ರ ಹೆತ್ತ ತಂದೆಯದೇ ಆಗಿ ಉಳಿಯುತ್ತದೆ.

ಈಗ ವಾದವನ್ನು ಅದರದೇ ನೆಲದಲ್ಲಿ ಪರೀಕ್ಷಿಸಿ ನೋಡಿ. ಹೆಂಡತಿಯಲ್ಲಿ ವೈ ಇರುವುದಿಲ್ಲ. ಅವಳು ಕಾಶ್ಯಪ ಗೋತ್ರದವಳಾಗಿರಲಿ, ಭಾರದ್ವಾಜ ಗೋತ್ರದವಳಾಗಿರಲಿ, ಗಂಡನ ಗೋತ್ರದವಳೇ ಆಗಿರಲಿ, ಹುಟ್ಟುವ ಮಗನಿಗೆ ಬರುವ ವೈ ಅದೇ ಗಂಡನ ವೈ. ಹೆಣ್ಣನ್ನು ಯಾವ ಗೋತ್ರದಿಂದ ತಂದರು ಎಂಬುದರಿಂದ ಆ ವರ್ಣತಂತುವಿಗೆ ಒಳಿತೂ ಇಲ್ಲ, ಕೆಡುಕೂ ಇಲ್ಲ. ವೈ ವರ್ಣತಂತುವನ್ನು ಕಾಪಾಡುವುದಕ್ಕೆ ಸಗೋತ್ರ ನಿಷೇಧ ಬಂತು ಎನ್ನುವವರು, ವೈ ಇಲ್ಲದ ಹೆಣ್ಣಿನ ಗೋತ್ರವನ್ನು ಏಕೆ ಕೇಳಬೇಕು ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

ವೈ ದಿನೇ ದಿನೇ ಕ್ಷೀಣಿಸುತ್ತಿದೆ, ಸಗೋತ್ರ ವಿವಾಹದಿಂದ ಇನ್ನೂ ಕ್ಷೀಣಿಸುತ್ತದೆ ಎಂಬ ಬಾಲಂಗೋಚಿಯೂ ಆ ಸಂದೇಶಕ್ಕಿದೆ. ಕೋಟ್ಯಂತರ ವರ್ಷಗಳ ಹಿಂದೆ ಎಕ್ಸ್‌ನ ಸರಿಸಮಾನ ಜೋಡಿಯಾಗಿದ್ದ ವೈ ತನ್ನ ಬಹುಪಾಲು ವಂಶವಾಹಿಗಳನ್ನು (ಜೀನ್‌ಗಳನ್ನು) ಕಳೆದುಕೊಂಡಿದೆ ಎಂಬುದು ದಿಟ. ಆದರೆ ಮನುಷ್ಯನ ವೈಯನ್ನು ರೀಸಸ್ ಕೋತಿಯ ವೈಯೊಂದಿಗೆ ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಎರಡು ಕುಲಗಳು ಬೇರೆಯಾದ ಸುಮಾರು ಎರಡೂವರೆ ಕೋಟಿ ವರ್ಷಗಳಲ್ಲಿ ಮನುಷ್ಯನ ಕಡೆ ಹಳೆಯ ವಂಶವಾಹಿಗಳ ಪೈಕಿ ಒಂದೇ ಒಂದು ಕಳೆದುಹೋಗಿರುವುದು ಕಂಡುಬಂತು. ಹೀಗಿರುವಾಗ ನಾಳಿನ ಲಗ್ನದಿಂದ ಅದಕ್ಕೇನೂ ಆಗುವುದಿಲ್ಲ. ಇನ್ನು ಗಾತ್ರದ ಮಾತು. 2023ರಲ್ಲಿ ವೈ ವರ್ಣತಂತುವನ್ನು ಮೊದಲ ಬಾರಿಗೆ ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸಿದಾಗ ಅದರಲ್ಲಿ ಡಿಎನ್ಎಯ ಸುಮಾರು 6.2 ಕೋಟಿ ಅಕ್ಷರಗಳೂ, ಪ್ರೋಟೀನು ತಯಾರಿಸುವ ನೂರರ ಆಸುಪಾಸಿನಷ್ಟು ವಂಶವಾಹಿಗಳೂ ಸಿಕ್ಕವು. ನಮ್ಮಲ್ಲಿರುವ ಅಂಥ ವಂಶವಾಹಿಗಳ ಒಟ್ಟು ಸಂಖ್ಯೆ 20,000ದಷ್ಟು. ಅಂದರೆ ಗೋತ್ರದ ಹೆಸರಿನಲ್ಲಿ ನಾವು ಕಾಯುತ್ತಿರುವುದು ಹಗೇವಿನ ಬಾಗಿಲಲ್ಲಿ ಬಿದ್ದ ಹಿಡಿ ಕಾಳನ್ನು; ಕಣಜ ಒಳಗಿದೆ.

ಈ ದೃಷ್ಟಿಯ ಬೇರು ಎಲ್ಲಿದೆ ಎಂದರೆ ಗಂಡು ಬೀಜ, ಹೆಣ್ಣು ಕ್ಷೇತ್ರ ಎಂಬ ಹಳೆಯ ಕಲ್ಪನೆಯಲ್ಲಿ. ಇದು ನಮ್ಮ ಧರ್ಮಶಾಸ್ತ್ರಗಳ ಸ್ವತ್ತು ಮಾತ್ರವಲ್ಲ. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಡಿ ವೀರ್ಯಾಣುಗಳನ್ನು ನೋಡಿದ ಮೇಲೆ ಯುರೋಪಿನ ಪಂಡಿತರಲ್ಲಿ ಒಂದು ಪಂಗಡ ಇಡೀ ಮಗುವೇ ವೀರ್ಯಾಣುವಿನಲ್ಲಿದೆ ಎಂದು ನಂಬಿತು. 1694ರಲ್ಲಿ ಹಾರ್ಟ್‌ಸೂಕರ್ ಎಂಬಾತ ಅದರ ತಲೆಯೊಳಗೆ ಮಂಡಿ ಮಡಿಸಿ ಕೂತ ಪುಟ್ಟ ಮನುಷ್ಯನ ಚಿತ್ರವನ್ನೇ ಬರೆದ. ಸಸ್ತನಿಯ ಅಂಡಾಣುವನ್ನು ಫಾನ್ ಬೇಯರ್ ಕಂಡದ್ದು 1827ರಲ್ಲಿ, ಅದೂ ಒಂದು ನಾಯಿಯಲ್ಲಿ. ಕಡಲಮುಳ್ಳಿ (ಸೀ ಅರ್ಚಿನ್) ಎಂಬ ಸಮುದ್ರಜೀವಿಯ ಪಾರದರ್ಶಕ ಮೊಟ್ಟೆಯಲ್ಲಿ ವೀರ್ಯಾಣು–ಅಂಡಾಣುಗಳ ಎರಡು ಕೋಶಕೇಂದ್ರಗಳು ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ 1876ರಲ್ಲಿ ತೋರಿಸಿದ. ಕುದುರೆಯ ಕರುಳಿನ ಜಂತುವಿನಲ್ಲಿ ಬೆಲ್ಜಿಯಂನ ವಾನ್ ಬೆನೆಡನ್ 1883ರಲ್ಲಿ ವರ್ಣತಂತುಗಳನ್ನು ಎಣಿಸಿ, ತಾಯಿಯಿಂದ ಎಷ್ಟೋ ತಂದೆಯಿಂದಲೂ ಅಷ್ಟೇ ಎಂದು ಕಂಡುಕೊಂಡ. ಬೀಜ–ಕ್ಷೇತ್ರದ ಕಲ್ಪನೆ ಪ್ರಯೋಗಶಾಲೆಯಲ್ಲಿ ಬಿದ್ದುಹೋಗಿ 140 ವರ್ಷಗಳು ಕಳೆದ ಮೇಲೆ, ಅದನ್ನು ವೈ ಎಂಬ ಹೊಸ ಅಂಗಿ ತೊಡಿಸಿ ಮತ್ತೆ ಪಡಸಾಲೆಗೆ ಕರೆತಂದಿದ್ದೇವೆ.

ಸಂತಾನಕೋಶಗಳು ತಯಾರಾಗುವ ಬಗೆಯನ್ನು ಒಂದಿಷ್ಟು ಹತ್ತಿರದಿಂದ ನೋಡಿದರೆ ಈ ಅಂಗಿ ಏಕೆ ಹೊಂದುವುದಿಲ್ಲ ಎಂಬುದು ತಿಳಿಯುತ್ತದೆ. ವೀರ್ಯಾಣುವಿನಲ್ಲಾಗಲಿ ಅಂಡಾಣುವಿನಲ್ಲಾಗಲಿ ಇರುವುದು 23 ವರ್ಣತಂತು ಮಾತ್ರ. 46 ಇರುವ ಕೋಶವೊಂದು ಒಮ್ಮೆ ಮಾತ್ರ ಡಿಎನ್ಎ ಪ್ರತಿ ಮಾಡಿಕೊಂಡು ಎರಡು ಸಲ ಒಡೆಯುವುದರಿಂದ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಪಠ್ಯಪುಸ್ತಕಗಳು ಮಿಯಾಸಿಸ್ ಎನ್ನುವುದು ಇದನ್ನೇ. ಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಇದನ್ನು ತೋರಿಸುವುದು ಹೆಚ್ಚಾಗಿ ಮಿಡತೆಯ ವೃಷಣದ ಸ್ಲೈಡಿನಲ್ಲಿ. ಗಾಢ ಬಣ್ಣ ಹೀರಿದ ವರ್ಣತಂತುಗಳು ಜೋಡಿಜೋಡಿಯಾಗಿ ಒಂದನ್ನೊಂದು ತಬ್ಬಿಕೊಂಡು, ಅಲ್ಲಲ್ಲಿ ಶಿಲುಬೆಯಂತೆ ಅಡ್ಡಹಾದು ನಿಂತಿರುತ್ತವೆ. ಹೀಗೆ ಅಡ್ಡಹಾದ ಜಾಗದಲ್ಲಿಯೇ ತಾಯಿಯಿಂದ ಬಂದ ತಂತುವಿನ ತುಂಡೂ ತಂದೆಯಿಂದ ಬಂದ ತಂತುವಿನ ತುಂಡೂ ಅದಲುಬದಲಾಗುವುದು. ಅಂದಹಾಗೆ, ಗಂಡು ಮಿಡತೆಗೆ ವೈ ಎಂಬುದೇ ಇಲ್ಲ; ಅದಕ್ಕೆ ಒಂಟಿ ಎಕ್ಸ್. ಕೋಳಿಗಳಲ್ಲಂತೂ ಭಿನ್ನ ಜೋಡಿ ಇರುವುದು ಹೇಂಟೆಯಲ್ಲಿ. ವೈ ಎಂಬುದು ವಂಶದ ಸಾರವಲ್ಲ, ಲಿಂಗ ನಿರ್ಧಾರಕ್ಕೆ ಸಸ್ತನಿಗಳು ಹಿಡಿದ ಒಂದು ದಾರಿ, ಅಷ್ಟೇ. ಅಂಡಾಣುಗಳಲ್ಲೆಲ್ಲ ಎಕ್ಸ್ ಇರುವುದರಿಂದ ಮಗು ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ವೀರ್ಯಾಣು. ವೈ ಬಗ್ಗೆ ಇಷ್ಟು ಅಭಿಮಾನವಿರುವ ಸಂದೇಶಗಳು ಗಂಡು ಹೆರಲಿಲ್ಲವೆಂದು ಸೊಸೆಯನ್ನು ಹಂಗಿಸುವ ಮನೆಗಳಿಗೆ ಈ ಒಂದು ಮಾತನ್ನೂ ತಲುಪಿಸಿದ್ದರೆ ಉಪಕಾರವಾಗುತ್ತಿತ್ತು.

ತುಂಡುಗಳ ಅದಲುಬದಲನ್ನು ಪಕ್ಕಕ್ಕಿಟ್ಟು, ಪ್ರತಿ ಜೋಡಿಯಿಂದ ಯಾವುದೋ ಒಂದು ಎಂಬ ಆಯ್ಕೆಯನ್ನಷ್ಟೇ ಎಣಿಸಿದರೂ ಒಬ್ಬ ವ್ಯಕ್ತಿಯಿಂದ 83,88,608 ಬಗೆಯ ಸಂತಾನಕೋಶಗಳು ಹುಟ್ಟಬಲ್ಲವು. ಇದು 84 ಲಕ್ಷಕ್ಕೆ ಬಹಳ ಹತ್ತಿರದ ಸಂಖ್ಯೆಯೆಂದು ಗಮನಿಸಿ 84 ಲಕ್ಷ ಜೀವರಾಶಿಯ ಬಗ್ಗೆ ಹೊಸ ಸಂದೇಶವೊಂದನ್ನು ಯಾರೂ ಹೊಸೆಯದಿರಲಿ; ಅದು 2ನ್ನು 23 ಬಾರಿ ಗುಣಿಸಿದ ಫಲ, ಕಾಕತಾಳೀಯ. ನಾನು ಹೇಳಬೇಕಾದ್ದು ಬೇರೆ. ಪ್ರತಿ ತಲೆಮಾರಿನಲ್ಲಿಯೂ ಈ ಕಲಸುವಿಕೆ ನಡೆಯುವುದರಿಂದ ಪೂರ್ವಜನೊಬ್ಬನ ಯಾವುದೇ ಒಂದು ನಿರ್ದಿಷ್ಟ ವಂಶವಾಹಿ ಪ್ರತಿ ಮುಂದಿನ ತಲೆಮಾರಿಗೆ ದಾಟುವ ಸಾಧ್ಯತೆ ಅರ್ಧ ಮಾತ್ರ. ಇಪ್ಪತ್ತು ತಲೆಮಾರು ದಾಟಿ ಬರುವ ಸಾಧ್ಯತೆ 10,48,576ರಲ್ಲಿ ಒಂದು. ಇಪ್ಪತ್ತು ತಲೆಮಾರಿನ ಹಿಂದೆ ನಮಗೆ ಅಷ್ಟೇ ಸಂಖ್ಯೆಯ ಪೂರ್ವಜ ಸ್ಥಾನಗಳಿರುತ್ತವೆ, ಗೋತ್ರ ಲೆಕ್ಕಕ್ಕೆ ಹಿಡಿಯುವುದು ಅವುಗಳಲ್ಲಿ ಒಂದನ್ನು. ಒಂದೇ ಋಷಿಯ ಹೆಸರು ಹೇಳಿಕೊಳ್ಳುವ, ಆದರೆ ಒಬ್ಬರ ಊರು ಉಡುಪಿ, ಇನ್ನೊಬ್ಬರದು ಕಲಬುರಗಿ ಆಗಿರುವ ಇಬ್ಬರು ಜೀವಶಾಸ್ತ್ರದ ಕಣ್ಣಿನಲ್ಲಿ ಬಹುಮಟ್ಟಿಗೆ ಅಪರಿಚಿತರೇ. ಒಂದೇ ಊರಿನ ಹತ್ತಿರದ ದಾಯಾದಿಗಳ ಮಾತು ಬೇರೆ. ಅಲ್ಲಿ ತೊಡಕಾಗುವುದು ಸಂಬಂಧದ ಸಾಮೀಪ್ಯವೇ ಹೊರತು ಗೋತ್ರದ ಹೆಸರಲ್ಲ.

ಗೋತ್ರದ ಲೆಕ್ಕದಿಂದ ಪೂರ್ತಿ ಹೊರಗುಳಿಯುವ ತಾಯಿಯ ಪಾಲನ್ನು ನೋಡಿ. ವೀರ್ಯಾಣುಗಳ ತಯಾರಿ ಗಂಡು ಪ್ರಾಯಕ್ಕೆ ಬಂದ ಮೇಲೆ ಶುರುವಾಗುತ್ತದೆ, ಒಂದೊಂದು ತಂಡ ಸಿದ್ಧವಾಗಲು ಎರಡರಿಂದ ಎರಡೂವರೆ ತಿಂಗಳು ಹಿಡಿಯುತ್ತದೆ, ಮುಪ್ಪಿನವರೆಗೂ ಅದು ನಡೆದೇ ಇರುತ್ತದೆ. ಅಂಡಾಣುವಿನ ಕಥೆಯೇ ಬೇರೆ. ಹೆಣ್ಣು ಶಿಶು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಶಯಗಳಲ್ಲಿ ಅಂಡಕೋಶಗಳು ಹುಟ್ಟಿ ಮಿಯಾಸಿಸ್ ಆರಂಭಿಸಿ ಮಧ್ಯದಲ್ಲೇ ನಿಂತುಬಿಡುತ್ತವೆ. ಐದನೆಯ ತಿಂಗಳ ಹೊತ್ತಿಗೆ 60–70 ಲಕ್ಷದಷ್ಟಿರುವ ಅವು ಹುಟ್ಟುವ ವೇಳೆಗೆ 10–20 ಲಕ್ಷಕ್ಕೂ, ಮೈನೆರೆಯುವ ವೇಳೆಗೆ ಮೂರು–ನಾಲ್ಕು ಲಕ್ಷಕ್ಕೂ ಇಳಿಯುತ್ತವೆ. ಕೊನೆಗೆ ಬಲಿತು ಹೊರಬರುವುದು ಸುಮಾರು 400. ನಿಂತಿದ್ದ ವಿಭಜನೆ ಮತ್ತೆ ಮುಂದುವರಿಯುವುದು ಆ ತಿಂಗಳು ಅದು ಬಿಡುಗಡೆಯಾಗುವ ಹೊತ್ತಿನಲ್ಲಿ, ಮುಗಿಯುವುದು ವೀರ್ಯಾಣು ಒಳಹೊಕ್ಕ ಮೇಲೆ. ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬರೂ ಯಾವ ಅಂಡಾಣುವಿನಿಂದ ಬಂದೆವೋ ಅದು ಮೊದಲು ರೂಪುಗೊಂಡದ್ದು ನಮ್ಮ ತಾಯಿ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ. ಅದರ ಜೊತೆಗೆ ಮೈಟೊಕಾಂಡ್ರಿಯಾ ಎಂಬ ಕಣಗಳ 16,569 ಅಕ್ಷರದ, 37 ವಂಶವಾಹಿಗಳ ಪುಟ್ಟ ಡಿಎನ್ಎ ಕೂಡ ತಾಯಿಯಿಂದಲೇ ಬರುತ್ತದೆ. ತಾಯಿಯ ತಾಯಿಯ ಗೋತ್ರವನ್ನು ನಮ್ಮಲ್ಲಿ ಪುರೋಹಿತರು ಸಾಮಾನ್ಯವಾಗಿ ಕೇಳುವುದಿಲ್ಲ.

ಈಗ ಅಕ್ಕನ ಮಗಳ ವಿಷಯಕ್ಕೆ ಬರೋಣ. ಗೋತ್ರದ ಪ್ರಕಾರ ಅವಳು ಅನ್ಯಳು, ಏಕೆಂದರೆ ಅವಳ ಗೋತ್ರ ಭಾವನದು. ವರ್ಣತಂತುಗಳ ಪ್ರಕಾರ ಸೋದರಮಾವನಿಗೂ ಅವಳಿಗೂ ನಾಲ್ಕನೇ ಒಂದು ಭಾಗ ಸಮಾನ. ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿಯೊಬ್ಬರು ಬೀಟಾ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ವಾಹಕಿ. ಅಂದರೆ ಅವರಲ್ಲಿರುವ ಆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಸರಿಯಿದೆ, ಒಂದು ದೋಷಯುಕ್ತ. ಅವರಿಗೆ ತೊಂದರೆಯಿಲ್ಲ, ಹೆಚ್ಚೆಂದರೆ ಅಲ್ಪ ರಕ್ತಹೀನತೆ. ದೋಷದ ಪ್ರತಿ ಅವರ ಮಗನಿಗೆ ಬಂದಿರುವ ಸಾಧ್ಯತೆ ಅರ್ಧ. ಮಗಳಿಗೆ ಬಂದಿರುವ ಸಾಧ್ಯತೆ ಅರ್ಧ, ಅವಳಿಂದ ಮೊಮ್ಮಗಳಿಗೆ ಬಂದಿರುವ ಸಾಧ್ಯತೆ ಅದರಲ್ಲಿ ಅರ್ಧ, ಅಂದರೆ ಕಾಲು. ಆ ಮಗ ಈ ಮೊಮ್ಮಗಳನ್ನು ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಎಂಟರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಎರಡು ಕೆಟ್ಟ ಪ್ರತಿಗಳು ಕೂಡಿಬಂದು ಕಾಯಿಲೆ ಕಾಣಿಸುವ ಸಾಧ್ಯತೆ ಕಾಲು. ಒಟ್ಟು 32ರಲ್ಲಿ ಒಂದು. ಅದೇ ಮಗ ಸಂಬಂಧವಿಲ್ಲದ ಹೆಣ್ಣನ್ನು ತಂದಿದ್ದರೆ? ಭಾರತದಲ್ಲಿ ಈ ಕಾಯಿಲೆಯ ವಾಹಕರು ನೂರಕ್ಕೆ ಮೂರು–ನಾಲ್ಕು ಮಂದಿ. ಮೂವತ್ತರಲ್ಲಿ ಒಬ್ಬರೆಂದು ಹಿಡಿದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 240ರಲ್ಲಿ ಒಂದು. ಥಲಸ್ಸೇಮಿಯಾ ಸಾಮಾನ್ಯವಾಗಿ ಕಾಣುವ ಕಾಯಿಲೆ. ಇನ್ನೂರರಲ್ಲಿ ಒಬ್ಬರಷ್ಟೇ ವಾಹಕರಿರುವ ಅಪರೂಪದ ಕಾಯಿಲೆಯಾದರೆ ಹೊರಗಿನ ಸಂಬಂಧದಲ್ಲಿ ಅದು 1,600ರಲ್ಲಿ ಒಂದಕ್ಕೆ ಇಳಿಯುತ್ತದೆ, ಅಕ್ಕನ ಮಗಳ ಲೆಕ್ಕದಲ್ಲಿ ಮಾತ್ರ ಅದೇ 32ರಲ್ಲಿ ಒಂದಾಗಿ ಉಳಿಯುತ್ತದೆ. ಥಲಸ್ಸೇಮಿಯಾ ತೀವ್ರವಾಗಿರುವ ಮಗುವಿಗೆ ಎರಡು–ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಆ ರಕ್ತದಿಂದ ಮೈಯಲ್ಲಿ ಜಮಾಯಿಸುವ ಕಬ್ಬಿಣವನ್ನು ಔಷಧದಿಂದ ತೆಗೆಯಿಸಬೇಕು. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಇಂಥ ತಂದೆತಾಯಿ ಎಲ್ಲರಿಗೂ ಸಿಗುತ್ತಾರೆ.

ಇಲ್ಲಿ ಅತಿ ಹೇಳಬಾರದು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಯಾವುದೇ ದಂಪತಿಗೆ ಜನ್ಮದೋಷವಿರುವ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ ಎರಡು–ಮೂರರಷ್ಟಿದ್ದರೆ, ಅತ್ತೆ–ಮಾವಂದಿರ ಮಕ್ಕಳು ಮದುವೆಯಾದಾಗ ಅದರ ಮೇಲೆ ಇನ್ನೆರಡು–ಮೂರು ಸೇರುತ್ತದೆ. ಮಾವ–ಸೊಸೆಯ, ಅಂದರೆ ಸೋದರಮಾವ ಮತ್ತು ಅಕ್ಕನ ಮಗಳ, ಮದುವೆಯಲ್ಲಿ ಸಾಮೀಪ್ಯ ಇದರ ಎರಡರಷ್ಟು. ಮದುವೆಯಾಗಿ ಮಕ್ಕಳು ಮೊಮ್ಮಕ್ಕಳೊಂದಿಗೆ ಸುಖವಾಗಿರುವ ದಂಪತಿಗಳು ನಮ್ಮೆಲ್ಲರ ಬಳಗದಲ್ಲೂ ಇದ್ದಾರೆ, ಅವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಸಣ್ಣ ಹೆಚ್ಚಳವೂ ಊರ ಮೇಲೆ ಹರಡಿದಾಗ ದೊಡ್ಡದಾಗುತ್ತದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳ ಬಾಣಂತಿಯರಿಂದ ಮಾಹಿತಿ ಪಡೆದು ನಡೆಸಿದ ದೊಡ್ಡ ಅಧ್ಯಯನದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದವು ಎಂದು ಕಂಡುಬಂತು, ಅವುಗಳಲ್ಲಿ ಮಾವ–ಸೊಸೆಯ ಮದುವೆಗಳದೇ ದೊಡ್ಡ ಪಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಇಂಥ ಮದುವೆಗಳ ಪ್ರಮಾಣ ಕಾಲು ಭಾಗದ ಆಸುಪಾಸಿನಲ್ಲಿತ್ತು; ಉತ್ತರದ ಎಷ್ಟೋ ರಾಜ್ಯಗಳಲ್ಲಿ ಇದು ತೀರ ವಿರಳ. ಆಸ್ತಿ ಹೊರಗೆ ಹೋಗಬಾರದು, ವರದಕ್ಷಿಣೆಯ ಕಾಟ ತಪ್ಪಲಿ, ಮಗಳು ಗೊತ್ತಿದ್ದ ಮನೆಗೆ ಹೋಗಲಿ ಎಂಬ ಕಾರಣಗಳೆಲ್ಲ ನಿಜವಾದವೇ, ಅವನ್ನು ನಾನು ಹಗುರವಾಗಿ ನೋಡುವುದಿಲ್ಲ.

ನಮ್ಮ ಹಿರಿಯರಿಗೆ ಈ ವಿಜ್ಞಾನ ಗೊತ್ತಿತ್ತು ಎನ್ನುವವರಿಗೆ ಇನ್ನೊಂದು ತೊಡಕಿದೆ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವುದು ದಕ್ಷಿಣದವರ ವಿಶೇಷ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಗುರುತಿಸುತ್ತದೆ. ಅಂದರೆ ಹಿರಿಯರಲ್ಲೇ ಒಮ್ಮತವಿರಲಿಲ್ಲ. ನಮ್ಮ ಕರಾವಳಿಗೆ ಬನ್ನಿ. ಅಳಿಯಸಂತಾನದ ಸಮುದಾಯಗಳಲ್ಲಿ ಗೋತ್ರದ ಜಾಗದಲ್ಲಿರುವುದು ಬಳಿ, ಅದು ಮಕ್ಕಳಿಗೆ ಬರುವುದು ತಾಯಿಯಿಂದ. ಒಂದೇ ಬಳಿಯೊಳಗೆ ಮದುವೆಯಿಲ್ಲ. ಗೋತ್ರ ವೈ ವರ್ಣತಂತುವಿನ ವಿಜ್ಞಾನವಾದರೆ ಬಳಿಯನ್ನು ಮೈಟೊಕಾಂಡ್ರಿಯಾದ ವಿಜ್ಞಾನವೆನ್ನಬೇಕಾಗುತ್ತದೆ. ಒಂದೇ ತಾಲ್ಲೂಕಿನ ಎರಡು ಕೇರಿಗಳ ಹಿರಿಯರು ಎರಡು ಬೇರೆ ಬೇರೆ ಡಿಎನ್ಎಗಳನ್ನು ಕಂಡುಹಿಡಿದು ತಮ್ಮ ತಮ್ಮ ಪಾಡಿಗೆ ನಿಯಮ ಮಾಡಿದರು ಎಂದು ನಂಬಬೇಕಾಗುತ್ತದೆ. ಗೋತ್ರ, ಬಳಿ, ಬೆಡಗುಗಳು ಯಾರು ಯಾರ ಮನೆಯವರು, ಯಾರ ಆಸ್ತಿಗೆ ಯಾರು ಬಾಧ್ಯರು, ಯಾರ ಶ್ರಾದ್ಧ ಯಾರು ಮಾಡಬೇಕು ಎಂಬುದನ್ನು ಹೇಳುವ ಸಾಮಾಜಿಕ ಏರ್ಪಾಡುಗಳು. ಆ ಕೆಲಸವನ್ನು ಅವು ಚೆನ್ನಾಗಿಯೇ ಮಾಡಿವೆ.

ಗೋತ್ರ ಬೇರೆಯಾಗಿ, ಹತ್ತಿರದ ಸಂಬಂಧವೂ ಇಲ್ಲದಿದ್ದಾಗ ಕೂಡ ಜಾತಿ ಒಂದೇ ಇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಮತ್ತು ಅಣು ಜೀವವಿಜ್ಞಾನ ಸಂಶೋಧನಾ ಕೇಂದ್ರದ ತಂಗರಾಜ್, ಹಾರ್ವರ್ಡಿನ ಡೇವಿಡ್ ರೀಚ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದ ಅನೇಕ ಸಮುದಾಯಗಳು ಕೆಲವೇ ಮೂಲ ಕುಟುಂಬಗಳಿಂದ ಬೆಳೆದು ಶತಮಾನಗಳಿಂದ ತಮ್ಮೊಳಗೇ ಹೆಣ್ಣು ಕೊಟ್ಟು ತಂದಿರುವ ಗುರುತು ಅವರ ಡಿಎನ್ಎಯಲ್ಲಿ ಎದ್ದು ಕಾಣುತ್ತದೆ ಎಂದು ತೋರಿಸಲಾಗಿದೆ. ಲಕ್ಷಾಂತರ ಜನಸಂಖ್ಯೆಯ ಜಾತಿಯೂ ಈ ದೃಷ್ಟಿಯಿಂದ ಒಂದು ಸಣ್ಣ ಹಳ್ಳಿಯಂತಿರಬಹುದು.

ಆನುವಂಶಿಕ ಕಾಯಿಲೆಗಳಿಗೆಲ್ಲ ಒಳಸಂಬಂಧವೇ ಕಾರಣ ಎಂಬ ತಪ್ಪು ತಿಳಿವಳಿಕೆಯೂ ಬೇಡ. ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತಿರುವ ಕಾಯಿಲೆಯನ್ನೇ ನೋಡಿ. ಸೊಂಟ ಮತ್ತು ಕೀಲುಗಳನ್ನು ಸವೆಸಿ ದುಡಿಯುವ ವಯಸ್ಸಿನವರನ್ನು ನೆಲಕ್ಕೆ ಕೂರಿಸುವ ಇದು 1970ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದಾಗ ಗದ್ದೆಯ ಏಡಿ–ಮೀನುಗಳಲ್ಲಿ ಸೇರಿದ ಕೀಟನಾಶಕದ ಮೇಲೆ ಶಂಕೆಯಿತ್ತು. ಆಮೇಲಿನ ಕುಟುಂಬ ಅಧ್ಯಯನಗಳು ಇದು ಪ್ರಬಲ ರೀತಿಯಲ್ಲಿ ಇಳಿದುಬರುವ ಕಾಯಿಲೆಯೆಂದು ತೋರಿಸಿದವು. ಇಲ್ಲಿ ಒಂದು ಕೆಟ್ಟ ಪ್ರತಿಯೇ ಸಾಕು. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಅರ್ಧ ಸಾಧ್ಯತೆ, ಇನ್ನೊಬ್ಬರು ಎಷ್ಟೇ ದೂರದವರಾಗಿದ್ದರೂ. ಡೌನ್ ಸಿಂಡ್ರೋಮ್ ಬರುವುದು ಹೆಚ್ಚಾಗಿ ದಶಕಗಳ ಕಾಲ ನಿಂತಿದ್ದ ಅಂಡಕೋಶದ ವಿಭಜನೆ ಕೊನೆಗೆ ತಪ್ಪಿ 21ನೆಯ ವರ್ಣತಂತು ಒಂದು ಹೆಚ್ಚಾಗಿ ಬಂದಾಗ. ಹೊಸದಾಗಿ ಹುಟ್ಟುವ ಅಕ್ಷರದೋಷಗಳಲ್ಲಿ ಹೆಚ್ಚಿನವು ವೀರ್ಯಾಣುವಿನ ಕಡೆಯಿಂದ ಬರುತ್ತವೆ, ತಂದೆಯ ವಯಸ್ಸು ಏರಿದಂತೆ ಅವೂ ಏರುತ್ತವೆ. ಗೋತ್ರವನ್ನಾಗಲಿ ರಕ್ತಸಂಬಂಧವನ್ನಾಗಲಿ ನೋಡಿ ಇವುಗಳಲ್ಲಿ ಯಾವುದನ್ನೂ ತಡೆಯಲಾಗದು.

ಕಾನೂನಿನ ಸ್ಥಿತಿ ಒಂದು ರೀತಿಯ ತಮಾಷೆಯಾಗಿದೆ. 1946ರ ಕಾಯ್ದೆಯೊಂದು ಸಗೋತ್ರವೆಂಬ ಕಾರಣಕ್ಕೆ ಹಿಂದೂ ಮದುವೆ ಅಸಿಂಧುವಾಗದು ಎಂದಿತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಗೋತ್ರದ ಅಡ್ಡಿಯಿಲ್ಲ. ಅದೇ ಕಾಯ್ದೆ ಮಾವ–ಸೊಸೆಯ, ಅಣ್ಣತಂಗಿಯರ ಮಕ್ಕಳ ಸಂಬಂಧವನ್ನು ಸ್ಪಷ್ಟವಾಗಿ ನಿಷೇಧಿತ ಸಂಬಂಧಗಳ ಪಟ್ಟಿಯಲ್ಲಿಟ್ಟು, ರೂಢಿ ಒಪ್ಪುವಲ್ಲಿ ಮಾತ್ರ ವಿನಾಯಿತಿ ಕೊಡುತ್ತದೆ. ಕಾನೂನು ಬಿಟ್ಟದ್ದನ್ನು ನಾವು ಹಿಡಿದಿದ್ದೇವೆ, ಹಿಡಿದದ್ದನ್ನು ರೂಢಿಯ ಬಾಗಿಲಿನಿಂದ ಬಿಟ್ಟಿದ್ದೇವೆ. ಆ ಬಾಗಿಲನ್ನು ಕಾಯ್ದೆಯಿಂದ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ನಿಷೇಧ ಹೇರಿದರೆ ಮದುವೆಗಳು ನಿಲ್ಲುವುದಿಲ್ಲ, ಆಸ್ಪತ್ರೆಯಲ್ಲಿ ಸಂಬಂಧವನ್ನು ಮುಚ್ಚಿಡುವುದು ಹೆಚ್ಚಾಗುತ್ತದೆ.

ಮಾಡಬಹುದಾದ್ದು ಬೇರೆ ಇದೆ. ಸಂಬಂಧದಲ್ಲಿ ಮದುವೆ ನಿಶ್ಚಯಿಸುವ ಮನೆಯವರು ಜಾತಕದ ಜೊತೆಗೆ ಮೂರು ತಲೆಮಾರಿನ ಒಂದು ಪಟ್ಟಿಯನ್ನು, ತಾಯಿಯ ಕಡೆಯದನ್ನೂ ಸೇರಿಸಿ, ಬರೆದಿಟ್ಟುಕೊಳ್ಳಲಿ. ಎಳವೆಯಲ್ಲೇ ತೀರಿಕೊಂಡ ಮಕ್ಕಳು, ಹುಟ್ಟಿನಿಂದ ಕಿವಿ ಕೇಳದವರು, ಕಣ್ಣು ಕಾಣದವರು, ಬುದ್ಧಿ ಬೆಳೆಯದವರು, ಪದೇ ಪದೇ ರಕ್ತ ಹಾಕಿಸಿಕೊಂಡವರು ಯಾರು ಎಂಬುದು ಅದರಲ್ಲಿರಬೇಕು. ಇಂಥ ವಿಷಯ ಮನೆಯ ಅಜ್ಜಿಯರಿಗೆ ಗೊತ್ತಿರುತ್ತದೆ, ಗಂಡಸರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಆ ಪಟ್ಟಿಯೊಂದಿಗೆ ತಳಿ ಸಮಾಲೋಚನೆ ಇರುವ ಆಸ್ಪತ್ರೆಗೆ ಹೋದರೆ ಯಾವ ಪರೀಕ್ಷೆ ಬೇಕೆಂದು ಅವರು ಹೇಳುತ್ತಾರೆ. ಥಲಸ್ಸೇಮಿಯಾ ಮತ್ತು ಕುಡುಗೋಲು ಕಣ ರಕ್ತಹೀನತೆಯ ವಾಹಕರನ್ನು ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಎಂಬ ಒಂದು ರಕ್ತ ಪರೀಕ್ಷೆಯಿಂದ ಬಹುಮಟ್ಟಿಗೆ ಗುರುತಿಸಬಹುದು. ಇಬ್ಬರಲ್ಲಿ ಒಬ್ಬರು ವಾಹಕರಲ್ಲ ಎಂದಾದರೆ ಆ ಕಾಯಿಲೆಯ ಮಟ್ಟಿಗೆ ಚಿಂತೆ ತೀರಿತು. ಈಗಾಗಲೇ ಸಂಬಂಧದಲ್ಲಿ ಮದುವೆಯಾಗಿರುವವರು ಗರ್ಭ ನಿಂತ ಕೂಡಲೇ, ಮೊದಲ ತಪಾಸಣೆಯಲ್ಲಿಯೇ, ವೈದ್ಯರು ಕೇಳದಿದ್ದರೂ ಸಂಬಂಧವನ್ನು ಹೇಳಬೇಕು. ಇಬ್ಬರೂ ವಾಹಕರೆಂದು ತಿಳಿದರೆ 11ರಿಂದ 13ನೆಯ ವಾರದೊಳಗೆ ಗರ್ಭವೇಷ್ಟನದ (ಮಾಸಿನ) ತುಣುಕು ತೆಗೆದು ಮಗುವಿನ ಸ್ಥಿತಿ ನೋಡುವ ಪರೀಕ್ಷೆ ಸಾಧ್ಯ. ಐದನೆಯ ತಿಂಗಳಲ್ಲಿ ಸೀಮಂತದ ಹೊತ್ತಿಗೆ ಹೇಳಿದರೆ ಆ ಅವಕಾಶ ಕೈತಪ್ಪಿರುತ್ತದೆ.

ನಿಮ್ಮ ಪತ್ರಿಕೆಯ ಭಾನುವಾರದ ವಧೂವರರ ಪುಟದಲ್ಲಿ ಗೋತ್ರ, ನಕ್ಷತ್ರ, ರಾಶಿಗಳ ಕಾಲಮುಗಳಿವೆ. ಅದೇ ಪುಟದ ಕೆಳಗೆ, ರಕ್ತಸಂಬಂಧದಲ್ಲಿ ಮದುವೆಯಾಗುವವರು ಮಾಡಿಸಿಕೊಳ್ಳಬೇಕಾದ ಪರೀಕ್ಷೆಗಳನ್ನೂ, ಅವು ಸಿಗುವ ಸರ್ಕಾರಿ ಆಸ್ಪತ್ರೆಗಳ ಹೆಸರನ್ನೂ ನಾಲ್ಕು ಸಾಲಿನಲ್ಲಿ ವಾರವಾರವೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಶಿವಮೊಗ್ಗ